ಚರಂಡಿಗೆ ಇಳಿಯುವವನು ಯಾರು?

1927ರಲ್ಲಿ ಕ್ಯಾಥರೀನ್ ಮೇಯೊ ಎಂಬ ಅಮೆರಿಕದ ಲೇಖಕಿ 'ಮದರ್ ಇಂಡಿಯಾ' ಎಂಬ ಪುಸ್ತಕ ಪ್ರಕಟಿಸಿದಳು. ಬಾಲ್ಯವಿವಾಹ, ಹೆರಿಗೆ ಕೋಣೆಯ ಕೊಳಕು, ಅಸ್ಪೃಶ್ಯತೆ ಎಲ್ಲವನ್ನೂ ಪಟ್ಟಿ ಮಾಡಿ, ಇಂಥ ಜನ ಸ್ವರಾಜ್ಯಕ್ಕೆ ಯೋಗ್ಯರಲ್ಲ ಎನ್ನುವ ಕಡೆಗೆ ಓದುಗರನ್ನು ಒಯ್ದಳು. ದೇಶ ಕೆರಳಿತು. ಗಾಂಧೀಜಿ ಅದನ್ನು ಚರಂಡಿ ಇನ್‌ಸ್ಪೆಕ್ಟರನ ವರದಿ ಎಂದರು. ಭಾರತೀಯರು ಅದನ್ನು ಓದಿದರೆ ಪ್ರಯೋಜನವಿದೆ ಅಂತಲೂ ಅವರೇ ಹೇಳಿದ್ದರು. ಕೆರಳಿದವರಿಗೆ ಆ ಅರ್ಧ ಕೇಳಿಸಲಿಲ್ಲ. 1928ರಲ್ಲಿ ಲಾಲಾ ಲಜಪತರಾಯರು 'ಅನ್‌ಹ್ಯಾಪಿ ಇಂಡಿಯಾ' ಬರೆದು, ಅಮೆರಿಕದ ಬಿಳಿಯರು ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ಎತ್ತಿ ತೋರಿಸಿದರು.

ಮೇಯೊ ನಮ್ಮ ಪರ ಇದ್ದವಳಲ್ಲ. ಅದನ್ನ ಮೊದಲೇ ಹೇಳಿಬಿಡಬೇಕು. ಅಸ್ಪೃಶ್ಯರ ನೋವು ಅವಳಿಗೆ ಬ್ರಿಟಿಷ್ ಆಳ್ವಿಕೆಯ ಪರ ಸಾಕ್ಷಿಯಾಗಿ ಬೇಕಿತ್ತು, ಅಷ್ಟೆ. ಆದರೆ ಉತ್ತರ ಕೊಟ್ಟವರಿಗೆ ಕಪ್ಪು ಜನರ ನೋವು ಯಾಕೆ ಬೇಕಾಯಿತು? ಎರಡೂ ಕಡೆಯವರು ತುಳಿಸಿಕೊಂಡವರ ಮೈಯನ್ನೇ ಗುರಾಣಿ ಮಾಡಿಕೊಂಡರು. ಆ ಮೈಗಳಿಗೆ ಬಾಯಿದೆ ಅನ್ನೋದನ್ನ ಇಬ್ಬರೂ ಮರೆತರು.

ಅದೇ 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಸವರ್ಣೀಯರು ನಮ್ಮವರನ್ನು ಹೊಡೆದರು, ಸಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ದೇಶದ ಮಾನ ಹೋದದ್ದು ಆವತ್ತಲ್ಲವೆ? ಆ ಕಾಲದಲ್ಲಿ ಎರಡು ಬೆಂಕಿ ಹತ್ತಿಕೊಂಡವು. ಅಭಿಮಾನಿಗಳು ಮೇಯೊಳ ಪುಸ್ತಕ ಸುಟ್ಟರು. ಅಂಬೇಡ್ಕರರ ನೇತೃತ್ವದಲ್ಲಿ ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟರು. ಒಂದು ಬೆಂಕಿ ಕನ್ನಡಿಯನ್ನು ಸುಡಲು ಹೊರಟಿತ್ತು, ಇನ್ನೊಂದು ರೋಗವನ್ನು.

ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಸಾರ್, ಇನ್‌ಸ್ಪೆಕ್ಟರು ಮೇಲೆ ನಿಂತ್ಕಂಡು ನೋಡ್ತಾನೆ. ಒಳಕ್ಕೆ ಇಳಿಯೋನು ಏನ್ ವರದಿ ಬರೀತಾನೆ?" ನಾನು ಎಂ.ಎ.ಯಲ್ಲಿ ಓದಿದ ಯಾವ ವಿಮರ್ಶೆಯೂ ಈ ಪ್ರಶ್ನೆ ಕೇಳಿರಲಿಲ್ಲ. ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾನೂನು ಬಂತು. ಅದಾದ ಮೇಲೂ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತವರಿದ್ದಾರೆ. ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರಲ್ಲಿ ಭಂಗಿ ಸಮುದಾಯದವರು ಮಲವನ್ನೇ ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಅದೇ ಅವರ ವರದಿ.

2001ರಲ್ಲಿ ಡರ್ಬನ್‌ನ ವಿಶ್ವಸಂಸ್ಥೆ ಸಮ್ಮೇಳನಕ್ಕೆ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆಯನ್ನು ಒಯ್ದಾಗ, ಭಾರತ ಸರ್ಕಾರ ಅದು ಅಲ್ಲಿ ಚರ್ಚೆಗೆ ಬರಬಾರದೆಂದು ಪಟ್ಟು ಹಿಡಿಯಿತು. ಈ ಸಲ ಮಾತಾಡಿದ್ದು ಮೇಯೊ ಅಲ್ಲ, ನಾವೇ. ಆದರೂ ಸಿಕ್ಕಿದ್ದು ಅದೇ ಉತ್ತರ: ಮನೆ ಮಾತು ಹೊರಗೆ ಆಡಬೇಡಿ.

ಹಾಗಾದರೆ ನಮ್ಮ ಪ್ರಶ್ನೆ ಒಂದೇ. ಆ ಮನೆಯ ನಡುಮನೆಗೆ ನಮ್ಮನ್ನು ಯಾವತ್ತು ಕರೆದಿದ್ದಿರಿ, ಸ್ವಾಮಿ?