ಫೋಟೊದವರ ಪ್ರಸ್ತಾಪ

ಮಗಳಿಗೆ ಗಂಡು ನೋಡಿ, ಮಾತುಕತೆ ಮುಗಿಸಿ, ಇನ್ನು ಪ್ರಸ್ತಾಪಗಳ ಕಾಟ ತಪ್ಪಿತೆಂದು ಉಸಿರು ಬಿಡುವಷ್ಟರಲ್ಲಿ ಫೋಟೊದವರ ಪ್ರಸ್ತಾಪಗಳು ಶುರುವಾದವು. ಹೆಣ್ಣಿನವರು ಅನ್ನುವುದನ್ನೇ ಮರೆತು ಮೂರು ಭಾನುವಾರ ನಾವು ಗಂಡಿನವರ ಠೀವಿಯಲ್ಲಿ ನಡುಮನೆಯಲ್ಲಿ ಕೂತಿದ್ದಾಯಿತು. ಅವರು ಬರುವುದು, ನಾವು ಉಪ್ಪಿಟ್ಟು ಕಾಫಿ ಕೊಡುವುದು, ಅವರು ಆಲ್ಬಂ ಬಿಚ್ಚುವುದು, 'ಯೋಚನೆ ಮಾಡಿ ತಿಳಿಸ್ತೀವಿ' ಎಂದು ನಾವು ಕಳಿಸುವುದು. ಥೇಟ್ ಹೆಣ್ಣು ನೋಡುವ ಶಾಸ್ತ್ರವೇ!

ಇಪ್ಪತ್ತೆಂಟು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕೈ ನನ್ನದು. ಯಾರು ಎರಡು ಹಾಳೆ ಬರೆದುಕೊಟ್ಟರೂ ಕೆಂಪು ಪೆನ್ನು ಹುಡುಕುವುದು ಚಾಳಿಯಾಗಿಬಿಟ್ಟಿದೆ. ಹಾಗಾಗಿ ಈ ಮೂರನ್ನೂ ಉತ್ತರಪತ್ರಿಕೆಗಳಂತೆಯೇ ಓದಿದೆ.

ಮೊದಲನೆಯವನು ಬೆಂಗಳೂರಿನಿಂದ ಬಂದವನು. ಲ್ಯಾಪ್‌ಟಾಪ್ ತೆರೆದು ಹನ್ನೆರಡು ಪುಟ ತೋರಿಸಿದ. ಎಂಟು ಪುಟ ಅವನ ಹಳೆಯ ಮದುವೆಗಳ ವೈಭವ. ಒಂಬತ್ತನೆಯ ಪುಟದಲ್ಲಿ ನನ್ನ ಮಗಳ ಹೆಸರು ಬಂತು, ಅದೂ ತಪ್ಪು ಅಕ್ಷರದಲ್ಲಿ. ಅಲ್ಲಿಂದ ಮುಂದೆ 'ಕಾನ್ಸೆಪ್ಟ್'. ನಮ್ಮ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚಿನಲ್ಲಿ ಹುಡುಗಿ ಉದ್ದನೆಯ ಕೆಂಪು ಗೌನು ತೊಟ್ಟು ಓಡಬೇಕಂತೆ, ಬಣ್ಣದ ಹೊಗೆ ಏಳಬೇಕಂತೆ, ಮುನಿಸಿಕೊಂಡು ದೂರವಾದ ಪ್ರೇಮಿಗಳು ಅಲ್ಲಿ ಮತ್ತೆ ಸೇರಬೇಕಂತೆ, ಮೇಲೆ ಡ್ರೋನು ಹಾರಬೇಕಂತೆ. ನನ್ನ ಮಗಳೂ ಅಳಿಯನೂ ಮೊದಲು ಕಂಡದ್ದು ನಮ್ಮ ನಾದಿನಿಯ ಮನೆಯಲ್ಲಿ, ಕೇಸರಿಬಾತಿನ ತಟ್ಟೆಗಳ ಆಚೆ ಈಚೆ. ಮುನಿಸಿಕೊಳ್ಳುವಷ್ಟು ಸಲುಗೆ ಅವರಿಗಿನ್ನೂ ಬಂದಿಲ್ಲ!

ಚಿತ್ರಗಳು ಚೆನ್ನಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಸಂಜೆಯ ಬಿಸಿಲನ್ನು ಅವನು ಹಿಡಿದ ರೀತಿಗೆ ಪೂರ್ತಿ ಅಂಕ. ಆದರೆ ಹಸುವಿನ ಪ್ರಬಂಧ ಬಾಯಿಪಾಠ ಮಾಡಿದ ಹುಡುಗ ಪರೀಕ್ಷೆಯಲ್ಲಿ ತೆಂಗಿನಮರದ ಬಗ್ಗೆ ಕೇಳಿದರೆ ಏನು ಮಾಡುತ್ತಾನೆ? ಹಸುವನ್ನು ತಂದು ಮರಕ್ಕೆ ಕಟ್ಟಿ, ಮತ್ತೆ ಹಸುವನ್ನೇ ವರ್ಣಿಸುತ್ತಾನೆ. ಇವನೂ ಹಾಗೆಯೇ. ನಮ್ಮನ್ನು ಒಂದು ಪ್ರಶ್ನೆ ಕೇಳದೆ ಉತ್ತರ ಬರೆದು ತಂದಿದ್ದ.

ಆ ಚರ್ಚಿನ ಮಾತೂ ಇದೆ. ಗೊರೂರಿನ ಹೇಮಾವತಿ ಜಲಾಶಯ ಕಟ್ಟಿದಾಗ ಅಲ್ಲಿಯ ಜನ ಊರು ಬಿಟ್ಟು ಎದ್ದರು. ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಆ ಗೋಡೆಗಳು ಬೇರೆಯವರು ಪ್ರಾರ್ಥಿಸಿದ, ಬೇರೆಯವರು ಕಳೆದುಕೊಂಡ ಜಾಗ. ಅದರ ಎದುರು ನಿಂತು ನಮ್ಮದಲ್ಲದ ಪ್ರೇಮಕಥೆ ನಟಿಸುವುದು ಯಾಕೋ ಮನಸ್ಸಿಗೆ ಒಗ್ಗಲಿಲ್ಲ. 2024ರಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿಯನ್ನೇ ಮದುವೆಗೆ ಮುಂಚಿನ ಚಿತ್ರೀಕರಣಕ್ಕೆ ಬಳಸಿ ವೈದ್ಯರೊಬ್ಬರು ಕೆಲಸ ಕಳೆದುಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. 'ಹೊಸದೇನಾದರೂ ಮಾಡೋಣ' ಎಂಬ ಒಂದೇ ಮಾತಿನ ಹಿಂದೆ ಹೊರಟರೆ ದಾರಿ ಅಲ್ಲಿಗೂ ಹೋಗಬಹುದು.

ಎರಡನೆಯವರು ನಮ್ಮೂರಿನ ಸ್ಟುಡಿಯೋದವರು. ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಮೂರು ಸಾಲಿನ ಹಾಳೆ. ಅದು ಪ್ರಸ್ತಾಪವಲ್ಲ, ಹೋಟೆಲಿನ ದರಪಟ್ಟಿ. ಆದರೂ ಮುಂಗಡ ಎಷ್ಟು, ಆಲ್ಬಂ ಯಾವಾಗ, ಎಷ್ಟು ಹಾಳೆ ಎಂದು ಸ್ಪಷ್ಟವಾಗಿ ಬರೆದಿದ್ದವರು ಅವರೊಬ್ಬರೇ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಚಿತ್ರಗಳ ಹಕ್ಕು ಸ್ಟುಡಿಯೋದ್ದು, ಜಾಹೀರಾತಿಗೆ ಬಳಸುತ್ತೇವೆ ಎಂದಿತ್ತು. ಗೆಳತಿಯರೇ, ಈ ಸಾಲನ್ನು ದಯವಿಟ್ಟು ಕನ್ನಡಕ ಹಾಕಿಕೊಂಡು ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ. ಬೇರೆ ಒಪ್ಪಂದವಾದರೆ ಮಾತ್ರ ಅದು ಬದಲಾಗುತ್ತದೆ. ಆ ಬೇರೆ ಒಪ್ಪಂದವೇ ಈ ಸಣ್ಣ ಅಕ್ಷರ. ಗೆರೆ ಎಳೆದು ಹೊಡೆದುಹಾಕಿದೆ. 'ಆಗಲಿ ಬಿಡಿ ಮೇಡಂ' ಎಂದು ನಕ್ಕರು.

ಮೂರನೆಯವಳು ಪಕ್ಕದ ತಾಲ್ಲೂಕಿನ ಹುಡುಗಿ. ಸ್ಕೂಟರಿನಲ್ಲಿ ಬಂದಳು. ಚೀಲದಲ್ಲಿದ್ದ ಆಲ್ಬಮ್ಮನ್ನು ಹೊರಗೆ ತೆಗೆಯುವುದನ್ನೇ ಮರೆತು ನಮ್ಮ ನಡುಮನೆಯ ಗೋಡೆಯ ಮೇಲಿನ ಫೋಟೊಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೇಳಿದಳು: 'ಅಮ್ಮಾ, ನಿಮ್ಮ ಮನೆಯಲ್ಲಿ ಯಾವ ಫೋಟೊ ಇಲ್ಲ?'

ಯಾವುದಿಲ್ಲ ಎಂದು ಮೂವತ್ತು ವರ್ಷಗಳಿಂದ ಗೊತ್ತಿದ್ದರೂ ಯಾರೂ ಕೇಳಿರಲಿಲ್ಲ. 1992ರ ನನ್ನ ಮದುವೆಯ ಆಲ್ಬಮ್ಮಿನಲ್ಲಿ ನನ್ನ ಅಮ್ಮ ಇಲ್ಲ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಧಾರೆ ಎರೆದವರು ಚಿಕ್ಕಪ್ಪ, ಚಿಕ್ಕಮ್ಮ. ಅಮ್ಮ ಉಗ್ರಾಣದ ಬಾಗಿಲ ಹಿಂದೆ ನಿಂತು ಧಾರೆ ನೋಡಿದಳು. ಫೋಟೊದವರು ಅವಳನ್ನು ಕರೆಯಲಿಲ್ಲ, ನಾವೂ ಕರೆಯಲಿಲ್ಲ. ಒಂದು ರೀಲಿಗೆ ಮೂವತ್ತಾರೇ ಚಿತ್ರ, ಎಣಿಸಿ ತೆಗೆಯಬೇಕಿತ್ತು ಎಂದು ಆಗ ಸಮಾಧಾನ ಹೇಳಿಕೊಂಡಿದ್ದೆ. ಈಗ ಒಂದು ಮದುವೆಗೆ ಸಾವಿರಾರು ಚಿತ್ರ ತೆಗೆಯುತ್ತಾರೆ. ಆದರೂ ಮೊದಲಿನ ಎರಡು ಪ್ರಸ್ತಾಪಗಳಲ್ಲಿ ಎಂಬತ್ತರ ಅಜ್ಜಿಗೆ ಜಾಗವಿರಲಿಲ್ಲ. ಕೊರತೆ ರೀಲಿನದಲ್ಲ ಅಂದಂತಾಯಿತು.

ಅಮೆರಿಕದಲ್ಲಿ 1930ರ ದಶಕದಲ್ಲಿ ಸರ್ಕಾರವೇ ಛಾಯಾಗ್ರಾಹಕರನ್ನು ಹಳ್ಳಿಗಾಡಿಗೆ ಕಳಿಸಿತ್ತು. ಅವರ ಮುಖ್ಯಸ್ಥ ರಾಯ್ ಸ್ಟ್ರೈಕರ್ ಹೋಗುವವರ ಕೈಗೆ ಪಟ್ಟಿ ಕೊಡುತ್ತಿದ್ದ. ಸಂಜೆ ಹೊತ್ತು ಜನ ಮನೆಯಲ್ಲಿ ಏನು ಮಾಡುತ್ತಾರೆ, ಗೋಡೆಯ ಮೇಲೆ ಏನು ತೂಗುಹಾಕಿರುತ್ತಾರೆ, ಇಂಥವು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೆನೆಯಿರಿ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯವರೆಗೆ ಹೋದದ್ದು ಅವರು ತೆಗೆದ ಮಕ್ಕಳ ಚಿತ್ರಗಳೇ. ಹೊಗೆ, ಗೌನು ಯಾವುದೂ ಬೇಕಾಗಿರಲಿಲ್ಲ. ಎದುರಿಗಿದ್ದ ಬದುಕನ್ನು ನೋಡುವ ಕಣ್ಣಿತ್ತು. ಆ ಹುಡುಗಿ ಇವರ ಹೆಸರು ಕೇಳಿದ್ದಾಳೋ ಇಲ್ಲವೋ, ಅವಳು ಮೊದಲು ನೋಡಿದ್ದು ಮಾತ್ರ ಗೋಡೆಯನ್ನೇ.

ವಾರದ ನಂತರ ಅವಳ ಪ್ರಸ್ತಾಪ ಬಂತು, ಎರಡೇ ಪುಟ. ಮೊದಲ ಪುಟದಲ್ಲಿ ನಮ್ಮ ಮನೆಯವರ ಪಟ್ಟಿ, ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆ ಎಂಬ ಖಾನೆ. ಎರಡನೆಯದರಲ್ಲಿ ಅವಳು ತೆಗೆಯಬೇಕೆಂದುಕೊಂಡ ಚಿತ್ರಗಳು: ಹಿಂದಿನ ರಾತ್ರಿ ಹೂ ಕಟ್ಟುವ ಕೈಗಳು, ಅಡಿಗೆಯವರು, ಅಣ್ಣ ತಂಗಿಯ ಜಗಳ. ದೋಷಗಳೂ ಇವೆ. ಕಾಗುಣಿತ ಹೇಳುವಂತಿಲ್ಲ. ಆಲ್ಬಮ್ಮಿನ ಬೆಲೆ ಬರೆಯುವುದನ್ನೇ ಮರೆತಿದ್ದಳು. ಅಂದು ಜ್ವರ ಬಂದರೆ ಬದಲಿಗೆ ಯಾರು ಎಂಬುದಕ್ಕೆ ಉತ್ತರವಿರಲಿಲ್ಲ. ಎಲ್ಲವನ್ನೂ ಹೇಳಿ ಬರೆಸಿಕೊಂಡೆ. ಒಳ್ಳೆಯ ಕಣ್ಣಿದೆ ಎಂದು ಲೆಕ್ಕ ಬಿಡುವುದು ಅವಳಿಗೂ ಒಳ್ಳೆಯದಲ್ಲ, ನಮಗೂ ಅಲ್ಲ.

ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೂವರಿಗೂ ನಾನು ಕೇಳಿದ ಮೊದಲ ಪ್ರಶ್ನೆ 'ಎಷ್ಟಾಗುತ್ತೆ?' ಎಂಬುದೇ. ಬೆಲೆಯನ್ನಷ್ಟೇ ಕೇಳುವವರಿಗೆ ದರಪಟ್ಟಿ ಸಿಗುತ್ತದೆ, ವೈಭವಕ್ಕೆ ಬಾಯಿ ಬಿಡುವವರಿಗೆ ಡ್ರೋನು ಸಿಗುತ್ತದೆ. ಅವರು ನಮ್ಮನ್ನು ಏನೂ ಕೇಳಲಿಲ್ಲ ಎಂದು ದೂರುವ ನಾವು, ನಮಗೇನು ಬೇಕೆಂದು ಹೇಳಿದ್ದೆವೇ?

ಅವಳ ಪಟ್ಟಿಯಲ್ಲಿ ಒಂದು ಖಾನೆ ಮಾತ್ರ ನಾಲ್ಕು ದಿನ ಖಾಲಿ ಇತ್ತು. 'ಧಾರೆಯ ಹೊತ್ತಿಗೆ ಅಜ್ಜಿ ಎಲ್ಲಿ ಕೂರುತ್ತಾರೆ?' ಮನೆಯಲ್ಲಿ ಮಾತು ಬೆಳೆಯಿತು. ಹಿರಿಯರೊಬ್ಬರು 'ಶಾಸ್ತ್ರ' ಎಂದರು. ಅಮ್ಮ ಎಂದಿನಂತೆ 'ನನ್ನದೇನು ಫೋಟೊ ಬಿಡೇ' ಎಂದಳು. ನಮ್ಮ ಯಜಮಾನರು ಪೇಪರು ಅಡ್ಡ ಹಿಡಿದರು. ಎಷ್ಟೇ ಒಳ್ಳೆಯ ಕ್ಯಾಮೆರಾ ಆದರೂ ಬಾಗಿಲ ಹಿಂದೆ ನಿಂತವರನ್ನು ಮಂಟಪಕ್ಕೆ ತಂದು ಕೂರಿಸಲಾರದು. ಅದು ಮನೆಯವರೇ ಮಾಡಬೇಕಾದ ಕೆಲಸ.

ಐದನೆಯ ದಿನ ಕೆಂಪು ಪೆನ್ನಿನಲ್ಲೇ ಬರೆದು ಕಳಿಸಿದೆ: 'ಮಂಟಪದ ಮೇಲೆ, ನನ್ನ ಪಕ್ಕದಲ್ಲಿ.'