ಕುಣಿಗಲಿನ ನೀರಗಂಟಿ

ಏಳನೆಯ ಎಡ್ವರ್ಡ್ ದೊರೆಯು ಆಳಿದ 1901ರಿಂದ 1910ರವರೆಗಿನ ಕಾಲವನ್ನು ಆಶ್ರಯಿಸಿ ಅದ್ಭುತರಮ್ಯ ಕಥೆಯನ್ನು ಹೆಣೆಯಬಯಸುವ ನಮ್ಮ ಲೇಖಕರು, ಆಂಗ್ಲ ಸಿರಿವಂತರ ಮನೆಯ ಬಟ್ಲರನನ್ನು ಅರಸಿಹೋಗುವ ಮುನ್ನ, ಅದೇ ದಶಕದಲ್ಲಿ ಕುಣಿಗಲಿನ ದೊಡ್ಡಕೆರೆಯ ತೂಬನ್ನು ಕಾಯುತ್ತಿದ್ದ ನೀರಗಂಟಿಯನ್ನು ಪರಿಭಾವಿಸಬೇಕೆಂದು ನನ್ನ ಅಪೇಕ್ಷೆ. ಬಟ್ಲರನು ವೇತನಜೀವಿ, ಅವನ ಅನ್ನವು ಯಜಮಾನನ ಪ್ರಸನ್ನತೆಗೆ ಅಧೀನ. ನೀರಗಂಟಿಯಾದರೋ ತಳವಾರ, ತೋಟಿ, ಕಮ್ಮಾರ, ಬಡಗಿ, ಅಗಸರೊಡನೆ ಆಯಗಾರರ ಪಂಕ್ತಿಗೆ ಸೇರಿದವನು. ಊರಿಗೆಲ್ಲ ಆಳಾದರೂ ಯಾರೊಬ್ಬನ ಆಳೂ ಅಲ್ಲದೆ, ಸುಗ್ಗಿಯ ಕಣದಲ್ಲಿ ತನ್ನ ಪಾಲಿನ ಧಾನ್ಯವನ್ನು ಹಕ್ಕಾಗಿ ಪಡೆದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನಡೆಸಿಕೊಡುತ್ತಿದ್ದನಾದುದರಿಂದ, ಪಟೇಲ ಶ್ಯಾನುಭೋಗರೂ ಬೇಸಗೆಯಲ್ಲಿ ಅವನೊಡನೆ ಮೆಲುದನಿಯಲ್ಲಿ ಮಾತನಾಡಿದ್ದರೆ ಆಶ್ಚರ್ಯವಿಲ್ಲ. ಕಥೆಗಾರನಿಗೆ ಇದಕ್ಕಿಂತ ರಸವತ್ತಾದ ಸನ್ನಿವೇಶ ಬೇಕೆ? ಆದರೆ ಈ ಹಕ್ಕಿನ ಮಗ್ಗುಲಲ್ಲಿಯೇ ಅಸ್ಪೃಶ್ಯತೆಯ ಕ್ರೌರ್ಯವೂ ಇದ್ದಿತು. ಅದನ್ನು ಮರೆಮಾಚಿದ ಕಥೆಯು ಎಷ್ಟು ರಮ್ಯವಾದರೂ ಸುಳ್ಳೇ ಸರಿ.

ಸಾಮಗ್ರಿಗೆ ಕೊರತೆಯಿಲ್ಲ. ರೈಸ್ ಸಾಹೇಬರ ತುಮಕೂರು ಜಿಲ್ಲೆಯ ಶಾಸನಸಂಪುಟವು 1904ರಲ್ಲಿ ಪ್ರಕಟವಾಯಿತು, ಎಚ್. ವಿ. ನಂಜುಂಡಯ್ಯನವರು ಅದೇ ದಶಕದಲ್ಲಿ ಆರಂಭಿಸಿದ ಜನಾಂಗ ಸಮೀಕ್ಷೆಯನ್ನು ಅನಂತಕೃಷ್ಣ ಅಯ್ಯರರು ಮುಂದುವರಿಸಿ ನಾಲ್ಕು ಸಂಪುಟಗಳಾಗಿ ಹೊರತಂದರು. ಆಳುಗಳ ಮಾತಿನ ಬೆಡಗು ಬೇಕೆನ್ನುವವರು, 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ಹಾಸ್ಯಪರಂಪರೆಯನ್ನೂ ಪರಾಮರ್ಶಿಸಲಿ.