ಕೊಂಡಿ ಕಟ್ಟುವ ಜಾಣ್ಮೆ

ಸ್ಪ್ರಿಂಗ್ ಹೇಟಿಯೋಸ್ ಎಂಬ ಜಾವಾ ಲೈಬ್ರರಿಯ ಹೆಸರು ನಾಲಿಗೆಗೆ ಒಗ್ಗುವುದಿಲ್ಲ. ಕೆಲಸ ಮಾತ್ರ ಅಚ್ಚುಕಟ್ಟು. ಮುಂದೆ ಏನೇನು ಮಾಡಬಹುದೆಂಬುದನ್ನು ಸರ್ವರ್‌ನ ಉತ್ತರವೇ ತೋರಿಸಬೇಕು ಎಂಬ ವಿಚಾರ ರಾಯ್ ಫೀಲ್ಡಿಂಗ್ 2000ದಲ್ಲಿ ಬರೆದ ಪಿಎಚ್‌.ಡಿ. ಪ್ರಬಂಧದ್ದು. ಆ ಪ್ರಬಂಧದ ರೆಸ್ಟ್ ಶೈಲಿಯವು ಎಂದು ಹೇಳಿಕೊಳ್ಳುವ ಎಷ್ಟೋ ಎಪಿಐಗಳು ಇದನ್ನೇ ಕೈಬಿಟ್ಟಿವೆ.

ಈ ಲೈಬ್ರರಿಯಲ್ಲಿ ಅದು ಸುಲಭ: ಉದಾಹರಣೆಗೆ, ಒಂದು ಆರ್ಡರ್‌ನ ವಿವರವನ್ನು ಎಂಟಿಟಿಮಾಡೆಲ್ ಎಂಬ ಕ್ಲಾಸ್‌ನಲ್ಲಿಟ್ಟು ಕೊಂಡಿಗಳನ್ನು ಸೇರಿಸಿದರೆ ಎಚ್‌ಎಎಲ್ ನಮೂನೆಯ ಜೇಸನ್ ಸಿದ್ಧ. ಸರಕು ಇನ್ನೂ ಹೊರಟಿಲ್ಲದಿದ್ದರೆ ಮಾತ್ರ ‘ರದ್ದುಮಾಡು’ ಕೊಂಡಿ ಸೇರಲಿ ಎಂದು ಒಂದು ಷರತ್ತು ಬರೆದರಾಯಿತು. ಆ್ಯಪ್ ಬರೆಯುವವರು ಆ ನಿಯಮವನ್ನು ಮತ್ತೆ ಬರೆಯಬೇಕಿಲ್ಲ, ಕೊಂಡಿ ಇದ್ದರೆ ಬಟನ್ ತೋರಿಸಿದರೆ ಸಾಕು.

ನನಗೆ ತೀರಾ ಹಿಡಿಸಿದ್ದು ‘ಲಿಂಕ್‌ಟು’, ‘ಮೆಥಡ್‌ಆನ್’ ಜೋಡಿ. ಯುಆರ್‌ಎಲ್ ಅನ್ನು ಕೈಯಾರೆ ಬರೆಯದೆ ಕಂಟ್ರೋಲರ್‌ನ ಮೆಥಡ್ ಅನ್ನೇ ಕರೆದಂತೆ ಬರೆಯುತ್ತೇವೆ. ಮೆಥಡ್ ನಿಜವಾಗಿ ಓಡುವುದಿಲ್ಲ! ಒಂದು ಪ್ರಾಕ್ಸಿ ಆ ಕರೆಯನ್ನು ಗುರುತು ಹಾಕಿಕೊಳ್ಳುತ್ತದೆ. ಮ್ಯಾಪಿಂಗ್ ನೋಡಿ ವಿಳಾಸ ಸಿದ್ಧವಾಗುತ್ತದೆ. ನಾಳೆ ಮ್ಯಾಪಿಂಗ್ ಬದಲಾಯಿಸಿದರೂ ಕೊಂಡಿ ತಪ್ಪದು. ಮೆಥಡ್‌ನ ಹೆಸರು ಎಲ್ಲೋ ಒಂದೆಡೆ ಹಳೆಯದೇ ಉಳಿದರೆ ಕಂಪೈಲರೇ ತಡೆದು ನಿಲ್ಲಿಸುತ್ತದೆ. ಮೆಥಡ್ ಹಿಂದಿರುಗಿಸುವ ಟೈಪ್‌ಗೂ ಪ್ರಾಕ್ಸಿ ಮಾಡಲು ಬರುವಂತಿರಬೇಕು ಎಂಬ ಕರಾರೊಂದಿದೆ, ಒಮ್ಮೊಮ್ಮೆ ಕಿರಿಕಿರಿ. ಆದರೂ ವಿಳಾಸಗಳನ್ನು ಸ್ಟ್ರಿಂಗ್ ಜೋಡಿಸಿ ಕಟ್ಟುವ ಹಳೆಯ ರಗಳೆಗೆ ನಾನಂತೂ ಹಿಂದಿರುಗಲಾರೆ.